ಅಡುಗೆಮನೆಯ ಸೀಲಿಂಗ್ ಲೈಟ್: ತೂತು ಕೊರೆಯುವ ಮುಂಚೆ ಗೊತ್ತಿರಬೇಕಾದದ್ದು

ಅಡುಗೆಮನೆ ಹೊಸದಾಗಿ ಮಾಡಿಸುವಾಗ ಲೈಟಿನ ವಿಷಯ ನೆನಪಾಗುವುದು ತೀರಾ ತಡವಾಗಿ. ಕ್ಯಾಬಿನೆಟ್ ಬಣ್ಣ ಆರಿಸಿ ಆಗಿರುತ್ತದೆ, ಕಟ್ಟೆಗೆ ಕಲ್ಲು ಬಂದಿರುತ್ತದೆ, ಫಾಲ್ಸ್ ಸೀಲಿಂಗ್ ಚೌಕಟ್ಟು ಅರ್ಧ ಎದ್ದಿರುತ್ತದೆ. ಆಗ ಎಲೆಕ್ಟ್ರಿಷಿಯನ್ ಪೆನ್ಸಿಲ್ ಹಿಡಿದು ಬಂದು, "ಲೈಟ್ ಪಾಯಿಂಟ್ ಎಲ್ಲೆಲ್ಲಿ ಬೇಕು, ಹೇಳಿ" ಅನ್ನುತ್ತಾರೆ. ಥಟ್ಟನೆ ಏನು ಹೇಳುವುದು? "ಸಮವಾಗಿ ಆರು ಹಾಕಿಬಿಡಿ" ಅಂದುಬಿಡುತ್ತೇವೆ. ಆರೂ ಲೈಟ್ ಸಾಲಾಗಿ ಕೂತು ಸೀಲಿಂಗ್ ನೋಡಲು ಚೆನ್ನಾಗಿಯೇ ಕಾಣುತ್ತದೆ. ತರಕಾರಿ ಹೆಚ್ಚಲು ನಿಂತಾಗ ಮಾತ್ರ ಮಣೆಯ ಮೇಲೆ ನಮ್ಮದೇ ತಲೆಯ ನೆರಳು ಬಿದ್ದಿರುತ್ತದೆ.

ಒಮ್ಮೆ ಕೊರೆದ ತೂತನ್ನು ಪಕ್ಕಕ್ಕೆ ಸರಿಸಲು ಆಗುವುದಿಲ್ಲ. ಮುಚ್ಚಿ, ಪಟ್ಟಿ ಹೊಡೆದು, ಬಣ್ಣ ಬಳಿದು, ಇನ್ನೊಂದು ಕಡೆ ಕೊರೆಯಬೇಕು. ಅದಕ್ಕೇ ಲೈಟಿನ ಜಾಗವನ್ನು ಕಾಗದದ ಮೇಲೆ ಮೊದಲೇ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಒಂದು ಟೇಪು, ಒಂದು ಪೆನ್ಸಿಲ್, ಸ್ವಲ್ಪ ಗುಣಾಕಾರ ಸಾಕು.

ರಿಸೆಸ್ಡ್ ಲೈಟ್ ಅಂದರೆ ಯಾವುದು?

ಸೀಲಿಂಗ್‌ನಿಂದ ಕೆಳಗೆ ನೇತಾಡದೆ, ಅದರೊಳಗೇ ಹುದುಗಿ ಕೂರುವ ಲೈಟು. ಕೆಳಗಿನಿಂದ ನೋಡಿದರೆ ಒಂದು ದುಂಡನೆಯ ಅಥವಾ ಚೌಕದ ಉಂಗುರ, ಅದರ ನಡುವೆ ಬೆಳಕು, ಅಷ್ಟೇ ಕಾಣುತ್ತದೆ. ಡೌನ್‌ಲೈಟ್ ಅಂತಲೂ ಕರೆಯುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ತೆಳ್ಳಗಿನ ಪ್ಯಾನೆಲ್ ಲೈಟ್. ಹಾಲಿನ ಬಣ್ಣದ ಹಾಳೆಯ ಹಿಂದೆ ಎಲ್‌ಇಡಿ ಇರುತ್ತದೆ, ಬೆಳಕು ಎಲ್ಲ ಕಡೆಗೂ ಹರಡುತ್ತದೆ. ಇನ್ನೊಂದು ಸಿಒಬಿ ಲೈಟ್. ಇದರಲ್ಲಿ ಎಲ್‌ಇಡಿ ಒಂದೇ ಬಿಲ್ಲೆಯಾಗಿ ಆಳದಲ್ಲಿ ಕೂತಿರುತ್ತದೆ. ಅದರ ಮುಂದೆ ಲೆನ್ಸ್ ಅಥವಾ ಹೊಳೆಯುವ ಬಟ್ಟಲು ಇರುವುದರಿಂದ ಬೆಳಕು ಒಂದು ದಿಕ್ಕಿಗೆ ಗುರಿಯಿಟ್ಟು ಬೀಳುತ್ತದೆ.

ಎರಡರ ಸ್ವಭಾವ ಬೇರೆ, ಜಾಗವೂ ಬೇರೆ. ಓಡಾಡುವ ಕಡೆಗೆ ಹರಡುವ ಬೆಳಕು ಸರಿ. ಕಟ್ಟೆಯ ಮೇಲೆ ಕೆಲಸ ಮಾಡಲು ಗುರಿಯಿರುವ ಬೆಳಕು ವಾಸಿ.

ನೆರಳು ಎಲ್ಲಿಂದ ಬರುತ್ತದೆ?

ಸೀಲಿಂಗ್ ನೋಡಿಕೊಂಡು ಲೈಟ್ ಇಟ್ಟರೆ ಎಡವಟ್ಟಾಗುತ್ತದೆ. ಕಟ್ಟೆ ನೋಡಿಕೊಂಡು ಇಡಬೇಕು. ಉಳಿದ ಲೆಕ್ಕವೆಲ್ಲ ಇದರ ಹಿಂದೆಯೇ ಬರುತ್ತದೆ.

ಕಟ್ಟೆಯ ಆಳ ಸಾಮಾನ್ಯವಾಗಿ 24 ಇಂಚು. ಅದರ ಮೇಲೆ ಗೋಡೆಗೆ ಬಿಗಿಯುವ ಕ್ಯಾಬಿನೆಟ್ ಆಳ 12ರಿಂದ 14 ಇಂಚು. ಅಡುಗೆ ಮಾಡುವವರು ಕಟ್ಟೆಯ ಅಂಚಿಗೆ ಹೊಟ್ಟೆ ತಾಗಿಸಿ ನಿಂತಿರುತ್ತಾರೆ, ತಲೆ ಸ್ವಲ್ಪ ಮುಂದೆ ಬಾಗಿರುತ್ತದೆ. ಅಂದರೆ ತಲೆ ಇರುವುದು ಹೆಚ್ಚುಕಮ್ಮಿ ಕಟ್ಟೆಯ ಅಂಚಿನ ನೇರಕ್ಕೆ. ಈಗ ಲೈಟು ಗೋಡೆಯಿಂದ ನಾಲ್ಕು ಅಡಿ ದೂರದಲ್ಲಿದೆ ಅಂದುಕೊಳ್ಳಿ. ಅದು ನಿಮ್ಮ ಬೆನ್ನ ಹಿಂದಾಯಿತು. ಬೆಳಕು ಹಿಂದಿನಿಂದ ಬಂದು, ತಲೆಗೂ ಭುಜಕ್ಕೂ ತಾಗಿ, ನೆರಳನ್ನು ನೇರ ಕೈಯ ಮೇಲೆ ಹಾಕುತ್ತದೆ. ಎಷ್ಟು ವ್ಯಾಟ್ ಜಾಸ್ತಿ ಮಾಡಿದರೂ ಇದು ಹೋಗುವುದಿಲ್ಲ. ಬೆಳಕು ಜೋರಾದಷ್ಟೂ ನೆರಳು ಇನ್ನೂ ಕಪ್ಪಾಗಿ ಎದ್ದು ಕಾಣುತ್ತದೆ.

ಲೈಟನ್ನು ಕಟ್ಟೆಯ ಅಂಚಿನ ನೇರಕ್ಕೆ, ಅಂದರೆ ಗೋಡೆಯಿಂದ ಸುಮಾರು 24 ಇಂಚಿಗೆ ತಂದರೆ ಅದು ಬೆನ್ನ ಹಿಂದೆ ಉಳಿಯುವುದಿಲ್ಲ. ಮೇಲೆ ಕ್ಯಾಬಿನೆಟ್ ಇಲ್ಲದ ಕಡೆ ಇನ್ನೂ ಒಳಗೆ, 18 ಇಂಚಿನವರೆಗೂ ತರಬಹುದು. ಕ್ಯಾಬಿನೆಟ್ ಇದ್ದರೆ ಹಾಗೆ ಮಾಡಬೇಡಿ. ಲೈಟು ಬಾಗಿಲಿಗೆ ತೀರಾ ಹತ್ತಿರವಾದರೆ ಬಾಗಿಲಿನ ಮೇಲೆ ಕಮಾನಿನ ಆಕಾರದಲ್ಲಿ ಬೆಳಕಿನ ಕಲೆ ಮೂಡುತ್ತದೆ. ಬೆಳಕಿನ ಒಂದು ಪಾಲು ಬಾಗಿಲಿಗೇ ಬಡಿದು ವ್ಯರ್ಥ. ಕ್ಯಾಬಿನೆಟ್ ಮುಖದಿಂದ 10–12 ಇಂಚು ಬಿಡುವುದು ಸರಿಯಾದ ಅಂತರ.

ಇನ್ನೊಂದು ಉಪಾಯವಿದೆ. ನಿಲ್ಲುವ ಜಾಗದ ನೆತ್ತಿಗೆ ಸರಿಯಾಗಿ ಒಂದೇ ಲೈಟ್ ಇಡುವ ಬದಲು, ಎಡಕ್ಕೊಂದು ಬಲಕ್ಕೊಂದು ಬರುವಂತೆ ಇಡಿ. ಎಡಗಡೆಯ ಲೈಟು ಮಾಡಿದ ನೆರಳನ್ನು ಬಲಗಡೆಯದು ತುಂಬುತ್ತದೆ. ನೆರಳು ಪೂರ್ತಿ ಹೋಗದಿದ್ದರೂ ಮಸುಕಾಗುತ್ತದೆ, ಕಣ್ಣಿಗೆ ಅಡ್ಡಿಯಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಸೀಲಿಂಗ್ ಲೈಟಿಗೆ ದಕ್ಕದ ಜಾಗ ಒಂದು ಉಳಿದೇ ಉಳಿಯುತ್ತದೆ: ಮೇಲಿನ ಕ್ಯಾಬಿನೆಟ್ ಕೆಳಗೆ, ಗೋಡೆಗೆ ತಾಗಿದ ಭಾಗ. ಅಲ್ಲಿಗೆ ಮೇಲಿನಿಂದ ಬೆಳಕು ಹೋಗಲು ದಾರಿಯೇ ಇಲ್ಲ, ಕ್ಯಾಬಿನೆಟ್ಟೇ ಅಡ್ಡ. ಅದಕ್ಕೆ ಕ್ಯಾಬಿನೆಟ್ ತಳದಲ್ಲಿ ಎಲ್‌ಇಡಿ ಪಟ್ಟಿ ಹಾಕಬೇಕು. ಪಟ್ಟಿಯನ್ನು ಗೋಡೆಯ ಕಡೆಗಲ್ಲ, ಕ್ಯಾಬಿನೆಟ್ ಮುಂದಿನ ಅಂಚಿನ ಕಡೆಗೆ ಕೂರಿಸಿದರೆ ಕಟ್ಟೆಯ ಪೂರ್ತಿ ಅಗಲಕ್ಕೆ ಬೆಳಕು ಸಿಗುತ್ತದೆ. ನನ್ನನ್ನು ಕೇಳಿದರೆ, ಸೀಲಿಂಗ್‌ನಲ್ಲಿ ಎರಡು ಲೈಟ್ ಕಮ್ಮಿಯಾದರೂ ಪರವಾಗಿಲ್ಲ, ಈ ಪಟ್ಟಿಯನ್ನು ಮಾತ್ರ ಬಿಡಬಾರದು.

ಡಬ್ಬಿಯ ಮೇಲಿನ ಅಂಕಿಗಳು

ಲೈಟಿನ ಡಬ್ಬಿ ತಿರುಗಿಸಿದರೆ ಒಂದು ರಾಶಿ ಅಂಕಿ. ಅದರಲ್ಲಿ ನಾಲ್ಕು ಅರ್ಥವಾದರೆ ಸಾಕು.

ಮೊದಲನೆಯದು ಲುಮೆನ್. ಲೈಟಿನಿಂದ ಹೊರಬರುವ ಒಟ್ಟು ಬೆಳಕಿನ ಅಳತೆ ಇದು. ವ್ಯಾಟ್ ಹೇಳುವುದು ಎಷ್ಟು ಕರೆಂಟ್ ಉಣ್ಣುತ್ತದೆ ಅನ್ನುವುದನ್ನು, ಎಷ್ಟು ಬೆಳಕು ಕೊಡುತ್ತದೆ ಅನ್ನುವುದನ್ನಲ್ಲ. ಈಗಿನ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 80ರಿಂದ 100 ಲುಮೆನ್ ಕೊಡುತ್ತದೆ. ಹಾಗಾಗಿ 7 ವ್ಯಾಟ್ ಲೈಟಿನಿಂದ 600–650 ಲುಮೆನ್ ನಿರೀಕ್ಷಿಸಬಹುದು. ಡಬ್ಬಿಯ ಮೇಲೆ ಇರದ, ಆದರೆ ಲೆಕ್ಕಕ್ಕೆ ಬೇಕಾದ ಇನ್ನೊಂದು ಅಳತೆ ಲಕ್ಸ್. ಹೊರಟ ಬೆಳಕಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಎಷ್ಟು ಲುಮೆನ್ ಬಿತ್ತೋ ಅಷ್ಟು ಲಕ್ಸ್. ಓಡಾಡಲು 150–200 ಲಕ್ಸ್ ಸಾಕು. ಚಾಕು ಹಿಡಿಯುವ ಕಟ್ಟೆಯ ಮೇಲೆ 300ರಿಂದ 500 ಬೇಕು. ಮನೆಯಲ್ಲಿ ವಯಸ್ಸಾದವರು ಅಡುಗೆ ಮಾಡುವುದಾದರೆ ಮೇಲಿನ ಅಂಕಿಯನ್ನೇ ಹಿಡಿಯಿರಿ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ, ಒಳಗೆ ತಲುಪುವ ಬೆಳಕೇ ಕಮ್ಮಿಯಾಗುತ್ತದೆ.

ಎರಡನೆಯದು ಬೀಮ್ ಆ್ಯಂಗಲ್, ಅಂದರೆ ಬೆಳಕು ಎಷ್ಟು ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ ಅನ್ನುವ ಕೋನ. ಛತ್ರಿಯನ್ನು ನೆನೆಸಿಕೊಳ್ಳಿ. 24 ಡಿಗ್ರಿ ಅಂದರೆ ಈಗಷ್ಟೇ ಬಿಚ್ಚಲು ಶುರುಮಾಡಿದ ಛತ್ರಿ, 60 ಡಿಗ್ರಿ ಅಂದರೆ ಅರ್ಧ ಬಿಚ್ಚಿದ ಛತ್ರಿ. ಸೀಲಿಂಗ್ 9 ಅಡಿ, ಕಟ್ಟೆ 3 ಅಡಿ ಎತ್ತರ ಇದ್ದರೆ ನಡುವೆ 6 ಅಡಿ ಉಳಿಯುತ್ತದೆ. ಅಲ್ಲಿಂದ ಬೀಳುವ ಬೆಳಕಿನ ವೃತ್ತ 24 ಡಿಗ್ರಿಗೆ ಸುಮಾರು ಎರಡೂವರೆ ಅಡಿ ಅಗಲ, 36 ಡಿಗ್ರಿಗೆ ಹತ್ತಿರ ಹತ್ತಿರ 4 ಅಡಿ, 60 ಡಿಗ್ರಿಗೆ ಸುಮಾರು 7 ಅಡಿ. ವೃತ್ತದ ಅಂಚಿನಲ್ಲಿ ಬೆಳಕು ಗೆರೆ ಎಳೆದಂತೆ ನಿಲ್ಲುವುದಿಲ್ಲ. ನಡುವಿನ ಜೋರಿನ ಅರ್ಧಕ್ಕೆ ಇಳಿಯುವ ಜಾಗವನ್ನೇ ಅಂಚು ಅಂತ ಎಣಿಸುತ್ತಾರೆ. ಅಡುಗೆಮನೆಗೆ 24 ಡಿಗ್ರಿಯ ಸ್ಪಾಟ್ ಹಾಕಿದರೆ ಕಟ್ಟೆಯ ಮೇಲೆ ಬೆಳಕಿನ ಚುಕ್ಕಿಗಳು, ನಡುನಡುವೆ ಕತ್ತಲು. ಅಂಗಡಿಯ ಷೋಕೇಸಿಗೆ ಅದು ಚೆಂದ. ಕೆಲಸ ಮಾಡುವ ಜಾಗಕ್ಕೆ 60 ಡಿಗ್ರಿ ಆಸುಪಾಸಿನದೇ ಸರಿ.

ಮೂರನೆಯದು ಬೆಳಕಿನ ಬಣ್ಣ. ಇದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700–3000 ಅಂದರೆ ಹಳದಿ ಮಿಶ್ರಿತ ಬೆಚ್ಚಗಿನ ಬೆಳಕು, 4000 ಅಂದರೆ ಅತ್ತ ಹಳದಿಯೂ ಅಲ್ಲದ ಇತ್ತ ನೀಲಿಯೂ ಅಲ್ಲದ ಬಿಳಿ, 6500 ಅಂದರೆ ನೀಲಿ ಛಾಯೆಯ ಬಿಳಿ. ಯಾವುದು ಬೇಕು ಅನ್ನುವುದು ಅವರವರ ರುಚಿ. ಆದರೆ ಸೀಲಿಂಗ್‌ನಲ್ಲಿ 4000, ಕ್ಯಾಬಿನೆಟ್ ತಳದಲ್ಲಿ 6500 ಹಾಕಿದರೆ ಒಂದೇ ಕಟ್ಟೆ ಎರಡು ಬಣ್ಣದಲ್ಲಿ ಕಾಣುತ್ತದೆ. ಯಾವುದೇ ಆಗಲಿ, ಎಲ್ಲ ಕಡೆಗೂ ಒಂದೇ ಇರಲಿ.

ನಾಲ್ಕನೆಯದು ಸಿಆರ್‌ಐ. ಈ ಬೆಳಕಿನಲ್ಲಿ ವಸ್ತುಗಳ ನಿಜವಾದ ಬಣ್ಣ ಎಷ್ಟರಮಟ್ಟಿಗೆ ಕಾಣುತ್ತದೆ ಅನ್ನುವುದಕ್ಕೆ 100ಕ್ಕೆ ಕೊಡುವ ಅಂಕ. ಅಡುಗೆಮನೆಗೆ 90ರ ಮೇಲಿದ್ದರೆ ಚೆನ್ನ. ಇದರಲ್ಲೊಂದು ಮೋಸವಿದೆ. ಈ ಅಂಕ ಎಂಟು ಮಾಸಲು ಬಣ್ಣಗಳ ಸರಾಸರಿ. ಕಡುಗೆಂಪು ಅದರಲ್ಲಿ ಸೇರಿಲ್ಲ, ಅದಕ್ಕೆ ಆರ್9 ಅಂತ ಬೇರೆಯೇ ಅಂಕ ಇದೆ. ಆರ್9 ಕಮ್ಮಿ ಇರುವ ಲೈಟಿನ ಕೆಳಗೆ ಹಣ್ಣಾದ ಟೊಮೆಟೊ ಕೂಡ ಕಳೆಗುಂದಿದಂತೆ ಕಾಣುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಆರ್9 ಬರೆದಿದ್ದರೆ ಅದನ್ನೂ ಒಮ್ಮೆ ನೋಡಿ.

ಒಂದು ಲೆಕ್ಕ ಹಾಕಿ ನೋಡೋಣ

10 ಅಡಿ ಉದ್ದ, 8 ಅಡಿ ಅಗಲದ ಅಡುಗೆಮನೆ ಅಂದುಕೊಳ್ಳೋಣ. 10 ಅಡಿಯ ಗೋಡೆಗೂ ಅದರ ಮೂಲೆಯಿಂದ ಹೊರಡುವ 8 ಅಡಿಯ ಗೋಡೆಗೂ ಸೇರಿ ಎಲ್ ಆಕಾರದ ಕಟ್ಟೆ. ಸೀಲಿಂಗ್ 9 ಅಡಿ. ಸಿಂಕ್ ಇರುವುದು 8 ಅಡಿಯ ಗೋಡೆಯಲ್ಲಿ, ಮೂಲೆಯಿಂದ 5 ಅಡಿಗೆ.

ಒಟ್ಟು ಬೆಳಕು ಎಷ್ಟು ಬೇಕು? 80 ಚದರ ಅಡಿ ಅಂದರೆ ಸುಮಾರು 7.4 ಚದರ ಮೀಟರ್. ಸರಾಸರಿ 200 ಲಕ್ಸ್ ಬೇಕೆಂದರೆ 7.4 × 200, ಅಂದರೆ ಹತ್ತಿರ ಹತ್ತಿರ 1,500 ಲುಮೆನ್. ಆದರೆ ಲೈಟಿನಿಂದ ಹೊರಟದ್ದೆಲ್ಲ ಕೆಳಗೆ ತಲುಪುವುದಿಲ್ಲ. ಗೋಡೆ, ಕ್ಯಾಬಿನೆಟ್ ಒಂದಷ್ಟು ಹೀರುತ್ತವೆ. ಜಿಡ್ಡು, ಧೂಳು ಒಂದಷ್ಟು ತಿನ್ನುತ್ತವೆ. ಎಲ್‌ಇಡಿ ಕೂಡ ವರ್ಷ ಕಳೆದಂತೆ ಮಂಕಾಗುತ್ತದೆ. ಒಟ್ಟಾರೆ ಅರ್ಧ ತಲುಪೀತು ಅಂದುಕೊಂಡರೆ ಬೇಕಾದದ್ದು 3,000 ಲುಮೆನ್. ಒಂದೊಂದು 650 ಲುಮೆನ್ ಕೊಡುವ ಲೈಟಾದರೆ ಐದು.

ಐದನ್ನು ಎಲ್ಲಿಡುವುದು? ಉದ್ದದ ಗೋಡೆಯಿಂದ 2 ಅಡಿ ಬಿಟ್ಟು ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಮೂಲೆಯ ಕಡೆಯಿಂದ 2 ಅಡಿ, 5 ಅಡಿ, 8 ಅಡಿಗೆ ಮೂರು ಲೈಟ್. ಮೊದಲನೆಯ ಲೈಟು ಎರಡೂ ಗೋಡೆಗಳಿಂದ 2 ಅಡಿ ದೂರದಲ್ಲಿರುವುದರಿಂದ ಮೂಲೆಯ ಕಟ್ಟೆಯನ್ನು ಅದೇ ನೋಡಿಕೊಳ್ಳುತ್ತದೆ. ನಾಲ್ಕನೆಯದು 8 ಅಡಿಯ ಗೋಡೆಯಿಂದ 2 ಅಡಿ ಬಿಟ್ಟು, ಸಿಂಕಿನ ನೇರಕ್ಕೆ. ಐದನೆಯದು ಓಡಾಡುವ ಜಾಗಕ್ಕೆ: ಸಿಂಕಿನ ಲೈಟಿನ ಸಾಲಿನಲ್ಲೇ, ಉದ್ದದ ಸಾಲಿನ ಎರಡನೆಯ ಮತ್ತು ಮೂರನೆಯ ಲೈಟುಗಳ ನಡುವೆ ಬರುವ ಹಾಗೆ.

ಕಟ್ಟೆಯ ಮೇಲೆ ಲೈಟಿಂದ ಲೈಟಿಗೆ 3 ಅಡಿ ಅಂತರ ಬಂತು. ಒಂದೊಂದರ ವೃತ್ತ 7 ಅಡಿ ಇರುವುದರಿಂದ ಒಂದರ ಮೇಲೊಂದು ಚೆನ್ನಾಗಿ ಹಾಯುತ್ತವೆ. ಎಡಬಲದ ಬೆಳಕು ಸೇರಿ ನೆರಳು ಮಸುಕಾಗುವುದು ಹೀಗೆ. "ಸೀಲಿಂಗ್ ಎತ್ತರದ ಅರ್ಧದಷ್ಟು ಅಂತರ ಬಿಡಿ" ಅನ್ನುವ ಸೂತ್ರವೂ ಬಳಕೆಯಲ್ಲಿದೆ. ಅದರ ಪ್ರಕಾರ 9 ಅಡಿಗೆ ನಾಲ್ಕೂವರೆ ಅಡಿ ಬರುತ್ತದೆ. ಹಾಲಿಗೆ, ನಡುಮನೆಗೆ ಅದು ಸಾಕು. ಕಟ್ಟೆಗೆ ಸ್ವಲ್ಪ ಹತ್ತಿರವೇ ಬೇಕು.

ಗೋಡೆ, ಕ್ಯಾಬಿನೆಟ್ ಕಡುಬಣ್ಣದವಾದರೆ ಈ ಲೆಕ್ಕ ಸಾಲದು. ರಿಸೆಸ್ಡ್ ಲೈಟು ತಾನಿರುವ ಸೀಲಿಂಗ್ ಮೇಲೆ ನೇರ ಬೆಳಕು ಚೆಲ್ಲುವುದಿಲ್ಲ. ಕೆಳಗೆ ಬಿದ್ದು ವಾಪಸ್ ಚಿಮ್ಮಿದ ಬೆಳಕಷ್ಟೇ ಸೀಲಿಂಗ್‌ಗೆ ಸಿಗುತ್ತದೆ. ಕಪ್ಪು ಕಲ್ಲು, ಕಡುಬಣ್ಣದ ಶಟರ್ ಇದ್ದರೆ ಅದೂ ಇಲ್ಲ, ಕಟ್ಟೆ ಬೆಳಗಿದರೂ ಕೋಣೆ ಗವಿಯಂತೆ ಕಾಣುತ್ತದೆ. ಮೇಲಿನ ಕ್ಯಾಬಿನೆಟ್ ಸೀಲಿಂಗ್‌ವರೆಗೆ ಹೋಗದಿದ್ದರೆ ಅದರ ನೆತ್ತಿಯ ಮೇಲೆ ಒಂದು ಎಲ್‌ಇಡಿ ಪಟ್ಟಿ ಮಲಗಿಸಿ, ಅದು ಸೀಲಿಂಗ್ ಬೆಳಗುತ್ತದೆ.

ಕಣ್ಣಿಗೆ ಚುಚ್ಚದಿರಲು

ಹೊಳಪು ಕೊಟ್ಟ ಕಲ್ಲು ಕನ್ನಡಿಯಂತೆಯೇ. ಮೇಲಿನ ಲೈಟು ಅದರಲ್ಲಿ ಪ್ರತಿಫಲಿಸಿ ನೇರ ಕಣ್ಣಿಗೆ ಹೊಡೆಯುತ್ತದೆ. ಎಲ್‌ಇಡಿ ಸ್ವಲ್ಪ ಆಳಕ್ಕೆ ಕೂತಿರುವ, ಒಳಗೋಡೆ ಕಪ್ಪಾಗಿರುವ ಲೈಟನ್ನು ಆರಿಸಿದರೆ ದೂರದಿಂದ ನೋಡುವವರಿಗೆ ಬಲ್ಬಿನ ಉರಿ ಕಾಣಿಸುವುದಿಲ್ಲ. ಕಟ್ಟೆಯ ಹೊಳಪು ಮಾತ್ರ ಹಾಗೇ ಇರುತ್ತದೆ, ಅದಕ್ಕೆ ಮದ್ದು ಮ್ಯಾಟ್ ಕಲ್ಲು ಒಂದೇ.

ಅಡುಗೆಮನೆಯಲ್ಲಿ ಸೀಲಿಂಗ್ ಫ್ಯಾನ್ ಇದ್ದರೆ ಇನ್ನೊಂದು ತೊಂದರೆ. ರೆಕ್ಕೆ ತಿರುಗುವ ವೃತ್ತದ ಮೇಲೆ ಲೈಟ್ ಬಂದರೆ ಪ್ರತಿ ಸುತ್ತಿಗೂ ರೆಕ್ಕೆ ಬೆಳಕನ್ನು ಕತ್ತರಿಸುತ್ತದೆ. ಕೋಣೆ ಪೂರ್ತಿ ಮಿಣಮಿಣ ಅನ್ನುತ್ತದೆ, ಹತ್ತು ನಿಮಿಷದಲ್ಲಿ ತಲೆನೋವು. ರೆಕ್ಕೆಯ ತುದಿಯಿಂದಲೂ ಆಚೆ ಇರುವಂತೆ ಲೈಟ್ ಇಡಿ.

ಸಿಂಕ್, ಒಲೆ, ಐಲ್ಯಾಂಡ್

ಸಿಂಕಿಗೆ ಅದರದೇ ಒಂದು ಲೈಟ್ ಬೇಕು. ಕಿಟಕಿಯ ಕೆಳಗೆ ಸಿಂಕ್ ಇದ್ದರೆ ಹಗಲು ಬೆಳಕಿದೆಯಲ್ಲ ಅಂತ ಇದನ್ನು ಬಿಟ್ಟುಬಿಡುತ್ತಾರೆ. ಪಾತ್ರೆ ತೊಳೆಯುವುದು ಜಾಸ್ತಿ ರಾತ್ರಿಯೇ ಅಲ್ವಾ?

ಒಲೆಯ ಮೇಲೆ ಚಿಮಣಿ ಇದ್ದರೆ ಅದರಲ್ಲೇ ಲೈಟ್ ಇರುತ್ತದೆ, ಸೀಲಿಂಗ್‌ನಲ್ಲಿ ಬೇರೆ ಬೇಡ. ಚಿಮಣಿ ಇಲ್ಲದಿದ್ದರೆ ಒಲೆಯ ನೇರಕ್ಕಿಂತ ಸ್ವಲ್ಪ ಪಕ್ಕಕ್ಕೆ ಇಡಿ. ಹಬೆಯೂ ಎಣ್ಣೆಜಿಡ್ಡೂ ನೇರ ಅದಕ್ಕೇ ಅಂಟುವುದು ತಪ್ಪುತ್ತದೆ. ಹಬೆ, ನೀರು ಸಿಡಿಯುವ ಕಡೆಗೆ ಐಪಿ44 ಅಂತ ಬರೆದಿರುವ ಲೈಟ್ ಕೊಳ್ಳಿ. ಎರಡನೆಯ ಅಂಕಿ ನೀರಿಗೆ ಸಂಬಂಧಿಸಿದ್ದು, 4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ. ಮಾಮೂಲಿ ಐಪಿ20 ಲೈಟಿಗೆ ನೀರಿನಿಂದ ರಕ್ಷಣೆ ಏನೂ ಇರುವುದಿಲ್ಲ.

ಐಲ್ಯಾಂಡ್, ಅಂದರೆ ನಡುವೆ ಪ್ರತ್ಯೇಕವಾಗಿ ನಿಂತ ಕಟ್ಟೆ ಇದ್ದರೆ ಅದಕ್ಕೆ ನೆರಳಿನ ಕಾಟ ಕಮ್ಮಿ. ಸುತ್ತಲೂ ನಿಲ್ಲಬಹುದು, ಮೇಲೆ ಕ್ಯಾಬಿನೆಟ್ ಇಲ್ಲ. ಉದ್ದಕ್ಕೆ ನಡುಗೆರೆಯ ಮೇಲೆ ಎರಡೋ ಮೂರೋ ಲೈಟ್ ಸಾಕು.

ಸೀಲಿಂಗ್ ಒಳಗೆ ಏನಿದೆ ನೋಡಿದಿರಾ?

ಕಾಗದದ ಮೇಲೆ ಎಲ್ಲ ಸರಿಯಾಗಿ ಕೂತಿರುತ್ತದೆ. ಮೇಲೆ ನೋಡಿದರೆ ತೂತು ಬರಬೇಕಾದ ಜಾಗದಲ್ಲೇ ಫಾಲ್ಸ್ ಸೀಲಿಂಗ್‌ನ ಲೋಹದ ಚಾನೆಲ್! ಅದನ್ನು ಕತ್ತರಿಸಿದರೆ ಸೀಲಿಂಗ್ ಜೋಲುತ್ತದೆ, ಲೈಟನ್ನು ಸರಿಸಿದರೆ ಸಾಲು ಕೆಡುತ್ತದೆ. ಅದಕ್ಕೇ ಲೈಟಿನ ನಕ್ಷೆ ಫಾಲ್ಸ್ ಸೀಲಿಂಗ್ ಮಾಡುವವರ ಕೈಗೆ ಚೌಕಟ್ಟು ಏಳುವ ಮುಂಚೆಯೇ ಸಿಗಬೇಕು. ಚಾನೆಲ್ಲನ್ನು ಎರಡು ಇಂಚು ಆಚೀಚೆ ಹಾಕುವುದು ಅವರಿಗೆ ಆಗ ಏನೂ ಕಷ್ಟವಲ್ಲ. ಚಿಮಣಿಯ ಹೊಗೆಕೊಳವೆ ಸೀಲಿಂಗ್ ಒಳಗೇ ಹಾದುಹೋಗುವುದಾದರೆ ಅದನ್ನೂ ನಕ್ಷೆಯಲ್ಲಿ ಗುರುತಿಸಿ. ಮೇಲಕ್ಕೆ ತೆರೆಯುವ ಶಟರ್ ಇದ್ದರೆ ತೆರೆದಾಗ ಅದು ಲೈಟಿಗೆ ಅಡ್ಡ ಬರುತ್ತದೆಯೇ ಅಂತಲೂ ನೋಡಿಕೊಳ್ಳಿ.

ಆಳವೂ ಮುಖ್ಯ. ತೆಳ್ಳಗಿನ ಪ್ಯಾನೆಲ್ ಸ್ವಲ್ಪ ಜಾಗದಲ್ಲಿ ಕೂರುತ್ತದೆ. ಸಿಒಬಿ ಲೈಟಿನ ಬೆನ್ನಿಗೆ ಬಿಸಿ ಹೊರಹಾಕುವ ಲೋಹದ ರೆಕ್ಕೆಗಳಿರುವುದರಿಂದ ಜಾಸ್ತಿ ಆಳ ಬೇಕು. ಅದರ ಮೇಲೂ ಗಾಳಿಯಾಡಲು ಜಾಗ ಬಿಡಬೇಕು. ಬಿಸಿ ಹೊರಹೋಗದಿದ್ದರೆ ಎಲ್‌ಇಡಿಯೂ, ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್ ಅನ್ನುವ ಪುಟ್ಟ ಡಬ್ಬಿಯೂ ಬೇಗ ಕೈಕೊಡುತ್ತವೆ. ಸೀಲಿಂಗ್ ಮೇಲೆ ಶಾಖ ತಡೆಯುವ ಹೊದಿಕೆ ಹಾಸಿದ್ದರೆ, ಹೊದಿಕೆ ತಾಗಿದರೂ ಅಪಾಯವಿಲ್ಲ ಎಂದು ಗುರುತು ಪಡೆದ ಲೈಟನ್ನೇ ತರಬೇಕು.

ಸ್ವಿಚ್ಚು ಬೇರೆ ಬೇರೆ

ಎಲ್ಲ ಲೈಟನ್ನೂ ಒಂದೇ ಸ್ವಿಚ್ಚಿಗೆ ಕಟ್ಟಿದರೆ ನಡುರಾತ್ರಿ ನೀರು ಕುಡಿಯಲು ಬಂದವರಿಗೂ ಅಷ್ಟೂ ಬೆಳಕು. ಕಟ್ಟೆಯ ಸಾಲು ಒಂದು, ಓಡಾಡುವ ಕಡೆಯದು ಒಂದು, ಕ್ಯಾಬಿನೆಟ್ ತಳದ ಪಟ್ಟಿ ಒಂದು, ಹೀಗೆ ಮೂರು ಸ್ವಿಚ್ ಇರಲಿ. ಡಿಮ್ಮರ್ ಬೇಕಿದ್ದರೆ ಲೈಟ್ ಕೊಳ್ಳುವಾಗಲೇ ಡಿಮ್ ಆಗುವಂಥದ್ದನ್ನು ಕೇಳಿ. ಮಾಮೂಲಿ ಎಲ್‌ಇಡಿಗೆ ಡಿಮ್ಮರ್ ಹಾಕಿದರೆ ಮಿಣುಕುತ್ತದೆ, ಗುಂಯ್‌ಗುಡುತ್ತದೆ, ಕೆಲವೊಮ್ಮೆ ಸುಟ್ಟೂ ಹೋಗುತ್ತದೆ.

ಗುರುತು ಹಾಕಿ ಕೊರೆಯುವುದು

ಸೀಲಿಂಗ್ ನೋಡುತ್ತಾ ಅಳೆಯುವುದಕ್ಕಿಂತ ನೆಲದ ಮೇಲೆ ಅಳೆಯುವುದು ಸುಲಭ. ಕಟ್ಟೆ ಎಲ್ಲಿಗೆ ಬರುತ್ತದೆ, ಸಿಂಕ್ ಎಲ್ಲಿಗೆ ಅಂತ ಸೀಮೆಸುಣ್ಣದಲ್ಲಿ ನೆಲಕ್ಕೇ ಬರೆಯಿರಿ. ಲೈಟಿನ ಜಾಗಕ್ಕೆ ಅಡ್ಡಗುರುತು ಹಾಕಿ. ಆಮೇಲೆ ಲೇಸರ್ ಮಟ್ಟದಿಂದ ಅಥವಾ ದಾರಕ್ಕೆ ಕಟ್ಟಿದ ತೂಗುಗುಂಡಿನಿಂದ ಅದೇ ಬಿಂದುವನ್ನು ಸೀಲಿಂಗ್‌ಗೆ ಏರಿಸಬಹುದು. ಗೋಡೆಯಿಂದ ಅಳೆಯುವಾಗ ಟೈಲ್ಸ್ ಮತ್ತು ಗಾರೆಯ ದಪ್ಪ ಸೇರಿಸಿಕೊಳ್ಳಿ. ಅಳತೆ ತೆಗೆದುಕೊಂಡಾಗ ಬರಿ ಗೋಡೆ ಇದ್ದರೆ ಆಮೇಲೆ ಒಂದು ಇಂಚಿನಷ್ಟು ವ್ಯತ್ಯಾಸ ಬರಬಹುದು.

ಕೊರೆಯುವ ಮುಂಚೆ ಲೈಟಿನಷ್ಟೇ ಅಗಲದ ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ ಗುರುತಿನ ಮೇಲೆ ಟೇಪ್‌ನಿಂದ ಅಂಟಿಸಿ. ಬಾಗಿಲಲ್ಲಿ ನಿಂತು ನೋಡಿ. ಕಾಗದದಲ್ಲಿ ಕಾಣದ ಸೊಟ್ಟ ಇಲ್ಲಿ ಕಾಣುತ್ತದೆ. ಲೈಟಿನ ಡಬ್ಬಿಯ ಮೇಲೆ ಎರಡು ಅಳತೆ ಇರುತ್ತವೆ, ಹೊರಗಿನ ಉಂಗುರದ್ದು ಒಂದು, ಕೊರೆಯಬೇಕಾದ ತೂತಿನದು ಇನ್ನೊಂದು. ತೂತಿನದು ಯಾವಾಗಲೂ ಚಿಕ್ಕದು. ಇವೆರಡನ್ನು ಅದಲು ಬದಲು ಮಾಡಿದರೆ ಲೈಟ್ ಸೀದಾ ಕೈಗೇ ಬೀಳುತ್ತದೆ. ಹಾಗಾಗಿ ಲೈಟ್ ಮನೆಗೆ ಬಂದ ಮೇಲೆಯೇ ಕೊರೆಯಲು ಹೇಳಿ, ಚಿತ್ರ ನೋಡಿ ಬೇಡ.

ವೈರಿಂಗ್ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರೇ ಮಾಡಲಿ. ಬೋರ್ಡ್ ಮುಚ್ಚುವ ಮುಂಚೆ ಟೇಪನ್ನು ಪಕ್ಕದಲ್ಲಿ ಹಿಡಿದು ಪ್ರತಿ ಪಾಯಿಂಟಿನ ಫೋಟೊ ತೆಗೆದುಕೊಳ್ಳಿ. ಪ್ರತಿ ತೂತಿನಿಂದ ಒಂದಡಿಯಾದರೂ ವೈರ್ ಕೆಳಗೆ ಇಳಿದಿರಬೇಕು, ಇಲ್ಲದಿದ್ದರೆ ಮುಂದೆ ಡ್ರೈವರ್ ಕೆಟ್ಟಾಗ ಹೊರಗೆ ಎಳೆಯಲು ಆಗುವುದಿಲ್ಲ. ಲೈಟ್ ಕೊಳ್ಳುವಾಗ ಒಂದೆರಡು ಹೆಚ್ಚಿಗೇ ತಂದಿಡಿ. ಒಂದೇ ಕಂಪನಿಯ ಒಂದೇ ಮಾದರಿಯಾದರೂ ಬೇರೆ ಬ್ಯಾಚಿನ ಲೈಟಿನ ಬಿಳುಪು ಸ್ವಲ್ಪ ಬೇರೆ ಇರುತ್ತದೆ. ಎರಡು ವರ್ಷದ ನಂತರ ಒಂದು ಕೆಟ್ಟು ಹೊಸದನ್ನು ತಂದು ಹಾಕಿದರೆ ಸಾಲಿನಲ್ಲಿ ಅದೊಂದೇ ಎದ್ದು ಕಾಣುತ್ತದೆ.